ಕಹೀದು

ಆ ಬೆಳಿಗ್ಗೆ ಕಣಿವೆಯ ಮೇಲೆ ಬೀಳುತ್ತಿದ್ದದ್ದು ಹಿಮವೂ ಅಲ್ಲ, ಮಳೆಯೂ ಅಲ್ಲ. ಎರಡರ ನಡುವೆ ಮನಸ್ಸು ಗಟ್ಟಿಮಾಡಿಕೊಳ್ಳಲಾರದ ಒಂದು ಹಸಿ ತುಂತುರು. ಕಾರಿನ ಗಾಜಿಗೆ ತಾಗುವಾಗ ಬೆಳ್ಳಗಿರುತ್ತಿತ್ತು, ಒರೆಸುಕಡ್ಡಿ ಮುಟ್ಟಿದೊಡನೆ ನೀರಾಗಿ ಜಾರುತ್ತಿತ್ತು. ರಸ್ತೆಯ ಪಕ್ಕದ ಕುದುರೆಗಳು ಘಟ್ಟದ ಗಾಳಿಗೆ ಬೆನ್ನು ಕೊಟ್ಟು, ಬಾಲ ಮುದುರಿ, ಯಾರದೋ ಮೇಲೆ ಮುನಿಸಿಕೊಂಡವರ ಹಾಗೆ ನಿಂತಿದ್ದವು. "ಇವತ್ತು ಏನು ಸುರಿಸ್ಬೇಕು ಅಂತ ದೇವರು ಇನ್ನೂ ತೀರ್ಮಾನ ಮಾಡಿಲ್ಲ ಅಕ್ಕಾ," ಎಂದ ಚಾಲಕ ಬೋಲೊತ್. ಜಿಪಾರ್ ನಗಲಿಲ್ಲ. ಈ ದೇಶದಲ್ಲಿ ಎಲ್ಲರಿಗೂ ದೇವರ ಮನಸ್ಸು ಗೊತ್ತು, ನೆರೆಮನೆಯ ಹಟ್ಟಿಯಲ್ಲಿ ನಡೆಯುವುದೂ ಗೊತ್ತು, ತನ್ನೊಬ್ಬಳಿಗೇ ಏನೂ ಗೊತ್ತಿಲ್ಲ. ಅದಕ್ಕೇ ತನಗೆ ಸಂಬಳ ಕೊಟ್ಟು, ಹೋಗಿ ಕೇಳಿಕೊಂಡು ಬಾ ಎಂದು ಕಳಿಸುತ್ತಾರೆ ಎಂದುಕೊಂಡಳು. ಕೋಟಿನ ಜೇಬಿನಲ್ಲಿ ಬೆಂಕಿಪೊಟ್ಟಣದಷ್ಟು ಚಿಕ್ಕ ರೆಕಾರ್ಡರ್ ಇತ್ತು. ಅದನ್ನು ಮುಟ್ಟಿ ನೋಡುವುದು, ಕೈ ಹೊರಗೆ ತೆಗೆಯುವುದು, ಮತ್ತೆ ಮುಟ್ಟಿ ನೋಡುವುದು — ದಾರಿಯುದ್ದಕ್ಕೂ ಇದೇ ಆಗಿತ್ತು.

ಬೇಕಾದದ್ದು ಒಂದೇ ಮಾತು. ಸಾರಿ-ಕುಂಗೊಯ್ ಊರಿನ ದಾರಿಕಾ ಎಂಬ ಮುದುಕಿ ಈ ಯಂತ್ರಕ್ಕೆ "ನನಗೆ ಯಾರ ಮೇಲೂ ದೂರಿಲ್ಲ" ಎನ್ನಬೇಕು. ಸಂಶೋಧನಾ ಯೋಜನೆಯ ಮುಖ್ಯಸ್ಥೆ ಮಾರ್ಗ್ರೀತ್ ಫೋನಿನಲ್ಲಿ ಹಾಗೇ ಹೇಳಿದ್ದಳು. ಹಾಲೆಂಡಿನವಳು, ಹುಳಿ ಬಂದ ಕುದುರೆಹಾಲನ್ನು ಕಣ್ಣು ಮುಚ್ಚಿಕೊಂಡು ತೀರ್ಥದಂತೆ ಕುಡಿದು, ಆಮೇಲೆ ಕಾರಿನ ಹಿಂದೆ ಹೋಗಿ ವಾಂತಿ ಮಾಡುವವಳು. ಯಾರೋ ಊರಿನವರು ಸಂಸ್ಥೆಗೆ ದೂರು ಕೊಟ್ಟಿದ್ದಾರೆ, ನಮ್ಮ ಸಂಶೋಧನೆಯಿಂದ ಒಂದು ಮನೆ ಒಡೆಯಿತಂತೆ, ಸಮಿತಿ ವಿವರ ಕೇಳುತ್ತಿದೆ, ಒಂದು ನಿಮಿಷದ ಧ್ವನಿ ಸಾಕು ಜಿಪಾರ್, ನೀನಾದರೆ ಅವರ ಜನ, ಎಂದಿದ್ದಳು. ಅವರ ಜನ! ಬಿಷ್ಕೆಕ್‌ನ ನಾಲ್ಕನೇ ಮಹಡಿಯಲ್ಲಿ ಹುಟ್ಟಿ, ರಷ್ಯನ್‌ನಲ್ಲಿ ಕನಸು ಕಂಡು, ಕಿರ್ಗಿಜ್ ಮಾತನ್ನು ಶಾಲೆಯ ಪದ್ಯದಂತೆ ಆಡುವ ತಾನು ಯಾರ ಜನ? ಮಾರ್ಗ್ರೀತ್‌ಳನ್ನು ಅವಳು ತುಚ್ಛವಾಗಿ ಕಾಣುತ್ತಿದ್ದಳು. ಆದರೆ ಆ ತಿರಸ್ಕಾರದಲ್ಲಿ ಒಂದು ಬೆಚ್ಚಗಿನ ಆಸರೆಯೂ ಇತ್ತು. ತನಗಿಂತ ಹೆಚ್ಚು ದಡ್ಡರೊಬ್ಬರು ಮೇಲೆ ಕೂತಿರುವವರೆಗೆ ತನ್ನ ತಪ್ಪು ಅಷ್ಟು ದೊಡ್ಡದಾಗಿ ಕಾಣುವುದಿಲ್ಲ.

ತಪ್ಪು ಎಂದರೆ ಒಂದು ಶಬ್ದ. ಅಷ್ಟೇ. ದಾರಿಕಾಳ ಸೊಸೆ ಬುರುಲ್ ಕಳೆದ ಚಳಿಗಾಲದಲ್ಲಿ ಹಟ್ಟಿಯ ಮೂಲೆಯಲ್ಲಿ, ಹಸುವಿನ ಹೊಟ್ಟೆಗೆ ಹಣೆ ಆನಿಸಿ ಹಾಲು ಕರೆಯುತ್ತ, ಮುಖ ತೋರಿಸದೆ ಹೇಳಿದ್ದಳು. ಹುಡುಗಿಯಾಗಿದ್ದಾಗ ಬಂದು ಹೋಗಿದ್ದ ಕ್ಷಯ, ಮಗು ಹುಟ್ಟಿದ ಮೇಲೆ ಮತ್ತೆ ಬಂದಿದೆ. ಗಂಡ ಮಾಸ್ಕೋದಲ್ಲಿದ್ದಾನೆ, ಅವನಿಗೂ ಹೇಳಿಲ್ಲ. ಅತ್ತೆಗೆ ತಿಳಿದರೆ ಮಗುವನ್ನು ಇಟ್ಟುಕೊಂಡು ತನ್ನನ್ನು ತವರಿಗೆ ಅಟ್ಟುತ್ತಾರೆ. "ಹೆಪ್ಪು ತರ್ತೀನಿ ಅಂತ ದಿನಾ ಬೆಳಿಗ್ಗೆ ದಾದಿ ಮನೆಗೆ ಹೋಗ್ತೀನಿ ಅಕ್ಕಾ. ಅಲ್ಲಿ ಕಹೀದು ನುಂಗಿ, ಹೆಪ್ಪು ಈಸ್ಕೊಂಡು ಬರ್ತೀನಿ. ಕಹೀದು ನುಂಗಿದ ಮೇಲೆ ಯಾರಿಗೂ ಅಂಟಲ್ವಂತೆ." ಕಹೀದು! ಜಿಪಾರ್‌ಳ ಮೈ ಜುಮ್ಮೆಂದಿತ್ತು. ಔಷಧಿಗೆ ಎಂಥ ಮಾತು! ವರದಿಯಲ್ಲಿ ಅವಳು ಬುರುಲ್‌ಳಿಗೆ ಬೇರೆ ಹೆಸರಿಟ್ಟಳು, ಊರನ್ನು ಇನ್ನೊಂದು ಕಣಿವೆಗೆ ಸಾಗಿಸಿದಳು, ಒಂದು ಮಗುವನ್ನು ಎರಡು ಮಾಡಿದಳು, ಹಸುವನ್ನು ಕುರಿ ಮಾಡಿದಳು. ಮಾತನ್ನು ಮಾತ್ರ ಮುಟ್ಟಲಿಲ್ಲ. ಅಡಿಯಲ್ಲೊಂದು ಟಿಪ್ಪಣಿಯನ್ನೂ ಬರೆದಳು: ಇಲ್ಲಿನ ಹೆಂಗಸರ ನುಡಿ ಸಹಜ ಕಾವ್ಯ, ಔಷಧಿಯನ್ನು ಅವರು ರುಚಿಯಿಂದ ಕರೆಯುತ್ತಾರೆ.

ಕಾವ್ಯವಂತೆ. ನೆನೆದಾಗಲೆಲ್ಲ ಅವಳಿಗೆ ತನ್ನ ನಾಲಿಗೆಯನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡಬೇಕೆನಿಸುತ್ತಿತ್ತು. ಸೊಸೆಯಾದವಳು ಗಂಡನ ಮನೆಯ ಹಿರಿಯರ ಹೆಸರು ಎತ್ತುವಂತಿಲ್ಲ, ಹೆಸರಿಗೆ ಹತ್ತಿರದ ಶಬ್ದವನ್ನೂ ಆಡುವಂತಿಲ್ಲ. ಮಾವನ ಹೆಸರಿನಲ್ಲಿ ಕಬ್ಬಿಣವಿದ್ದರೆ ಕಬ್ಬಿಣಕ್ಕೆ ಗಟ್ಟೀದು, ಕಲ್ಲಿದ್ದರೆ ಕಲ್ಲಿಗೆ ಬಿದ್ದದ್ದು. ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ಸಂಗತಿ. ಕಿರ್ಗಿಜ್ ಮಾತಿನಲ್ಲಿ ಔಷಧಿಗೆ 'ದಾರಿ' ಎನ್ನುತ್ತಾರೆ. ಅತ್ತೆಯ ಹೆಸರು ದಾರಿಕಾ. ಇಡೀ ಊರಿನಲ್ಲಿ ಔಷಧಿಯನ್ನು ಔಷಧಿ ಎನ್ನಲಾರದ ಹೆಂಗಸು ಒಬ್ಬಳೇ ಒಬ್ಬಳು, ಅವಳ ಮಾತನ್ನೇ ಜಿಪಾರ್ ಹೆಕ್ಕಿ ತಂದು ಹೆಸರಿಲ್ಲದವಳ ಬಾಯಲ್ಲಿ ಇಟ್ಟಳು.

ಇಟ್ಟು, ಓದಿದಳು. ಸಂಶೋಧನೆಯ ಫಲವನ್ನು ಜನರಿಗೇ ಹಿಂದಿರುಗಿಸಬೇಕು ಎಂಬುದು ಮಾರ್ಗ್ರೀತ್‌ಳ ನೀತಿ. ಸಾರಿ-ಕುಂಗೊಯ್‌ನ ಸಭಾಮಂದಿರದಲ್ಲಿ, ಕಂಬಳಿ ಹೊದ್ದು ಕೂತ ಊರಿನ ಮುಂದೆ ಜಿಪಾರ್ ವೇದಿಕೆ ಹತ್ತಿ, ಹೆಂಗಸಿನ ಧ್ವನಿ ತೆಗೆದು, "ಅಲ್ಲಿ ಕಹೀದು ನುಂಗಿ, ಹೆಪ್ಪು ಈಸ್ಕೊಂಡು ಬರ್ತೀನಿ" ಎಂದು ಓದಿದಾಗ ಜನ ಗೊಳ್ಳೆಂದಿತು. ಅವಳಿಗೆ ಆ ನಗು ಹಿತವಾಯಿತು. ತನ್ನ ಪಟ್ಟಣದ ನಾಲಿಗೆಗೆ ಕೊನೆಗೂ ಈ ಜನ ಒಲಿದರು ಎಂದುಕೊಂಡು, ನಗು ಇಳಿಯುವವರೆಗೆ ಕಾದು, ಆ ಸಾಲನ್ನು ಇನ್ನೊಮ್ಮೆ ಓದಿದಳು. ಎರಡನೇ ಸಲ ಯಾರೂ ನಗಲಿಲ್ಲ. ತಲೆಗಳು ಒಂದೊಂದಾಗಿ ಮೂರನೇ ಸಾಲಿನ ಕಡೆಗೆ ತಿರುಗಿದವು. ಅಲ್ಲಿ ದಾರಿಕಾ ನೆಟ್ಟಗೆ ಕೂತಿದ್ದಳು. ಪಕ್ಕದಲ್ಲಿ ಬುರುಲ್, ಮಡಿಲಲ್ಲಿ ಮಗು, ಬಿಳಿ ತಲೆವಸ್ತ್ರದ ಕೆಳಗೆ ಮುಖವೇ ಇಲ್ಲದವಳ ಹಾಗೆ. ಮೊದಲನೇ ಸಲ ಓದಿದ್ದನ್ನು ದೇವರು ಕ್ಷಮಿಸಿಯಾನು. ಎರಡನೇ ಸಲ ಯಾಕೆ ಓದಿದೆ?

"ಬಂತಕ್ಕಾ ನಿಮ್ಮ ಊರು," ಎಂದ ಬೋಲೊತ್, ಕುಹಕವೋ ಅಲ್ಲವೋ ತಿಳಿಯದ ಧ್ವನಿಯಲ್ಲಿ.

ದಾರಿಕಾಳ ಅಂಗಳ ಕೆಸರಾಗಿತ್ತು, ಜನರಿಂದ ತುಂಬಿತ್ತು. ಮೊಮ್ಮಗ ಬಯಮಾನ್‌ನ ಕಾಲಿಗೆ ಕಪ್ಪು ಬಿಳಿ ಉಣ್ಣೆ ಹೊಸೆದ ದಾರ ಕಟ್ಟಿ ಕತ್ತರಿಸುವ ದಿನ ಅದು. ದಾರ ಕತ್ತರಿಸಿದ ಮೇಲೇ ಮಗುವಿನ ಹೆಜ್ಜೆಗೆ ಲೆಕ್ಕ. ಹುಡುಗನೇನೋ ಆಗಲೇ ನಡೆಯುತ್ತಿದ್ದ. ಬಿಳಿ ವಸ್ತ್ರ ತಲೆಗೆ ಕಟ್ಟಿದ ಒಬ್ಬೊಬ್ಬ ಹೆಂಗಸಿನ ಬಳಿಗೂ ಹೋಗಿ, ಲಂಗ ಹಿಡಿದು, ಮುಖ ನೋಡಿ, ಬಿಟ್ಟು, ಮುಂದಿನವಳ ಬಳಿಗೆ ಹೋಗುತ್ತಿದ್ದ. ಜಿಪಾರ್ ಕಣ್ಣು ತಪ್ಪಿಸಿದಳು. ಅವಳ ತಲೆಗೆ ವಸ್ತ್ರವಿರಲಿಲ್ಲ. ಅವನು ಅವಳ ಹತ್ತಿರ ಬರಲೂ ಇಲ್ಲ.

"ಬಂದ್ರಪ್ಪಾ ಬಂದ್ರು!" ಎಂದಳು ನೆರೆಮನೆಯ ಕೆಂಜೆ, ಎಲ್ಲರಿಗೂ ಕೇಳುವ ಹಾಗೆ. "ಕೆಮ್ಮೋರೆಲ್ಲ ಬಾಯಿ ಮುಚ್ಕೊಂಡು ಕೆಮ್ಮಿ, ಬರ್ಕೊಳ್ಳೋರು ಬಂದ್ರು!"

"ಸುಮ್ಕಿರೇ ಕೆಂಜೆ, ಅತಿಥಿ," ಎಂದ ತುರ್ದು ಅಜ್ಜ, ಊರಿನ ಹಿರಿಯ, ಹೊಸ್ತಿಲ ಬಳಿ ಕೋಲೂರಿ.

"ಅತಿಥಿನೇ ಅಜ್ಜಾ, ಯಾರಿಲ್ಲ ಅಂದ್ರು? ಹಿಂದಿನ ಸಲ ಬಂದಾಗ ಕುರಿ ಎದೆಗೂಡಿನ ತುಂಡು ಕೊಟ್ವಿ, ತಿಂದ್ರು. ಆಮೇಲೆ ನಮ್ಮ ಎದೆಗೂಡನ್ನೇ ತಿಂದ್ರು."

ಹೆಂಗಸರು ನಕ್ಕರು. ಜಿಪಾರ್ ಕೂಡ ನಕ್ಕಳು, ನಗಬಾರದಿತ್ತು. ಕೆಂಜೆಯ ಹಲ್ಲಿನ ಚಿನ್ನ, ಅವಳ ಕೈಯ ಹಿಟ್ಟು, ಕೆಸರು ಮೆತ್ತಿದ ರಬ್ಬರ್ ಚಪ್ಪಲಿ, ಎಲ್ಲವೂ ಹೇಸಿಗೆ ಎನಿಸಿತು. ಇದೇ ಕೆಂಜೆ ತಾನೆ ಸಭೆಯ ಮಾರನೆಯ ದಿನದಿಂದ ದಾರಿಕಾಳ ಮನೆಯ ಕೆನೆ ಕೊಳ್ಳುವುದನ್ನು ಬಿಟ್ಟವಳು, ಇಡೀ ಓಣಿಗೆ ಬಿಡಿಸಿದವಳು? ಈ ಜನರ ಮುಗ್ಧತೆ ಎಂದು ತಾನು ಬರೆದ ಪುಟಗಳು ನೆನಪಾಗಿ ಅವಳಿಗೆ ಕೆಂಜೆಗಿಂತ ಆ ಪುಟಗಳ ಮೇಲೇ ಹೆಚ್ಚು ಹೇಸಿಗೆಯಾಯಿತು. ಅಷ್ಟರಲ್ಲಿ ಅಂಗಳದಾಚೆಯ ಒಲೆಮನೆಯ ಬಾಗಿಲಲ್ಲಿ ದಾರಿಕಾ ನಿಂತು, ಜರಡಿಸೌಟು ಹಿಡಿದ ಕೈಯಿಂದಲೇ ಅವಳನ್ನು ಕರೆದಳು.

ಒಲೆಮನೆಯಲ್ಲಿ ಎಣ್ಣೆಯ ಹೊಗೆ. ತೀರಿಕೊಂಡವರಿಗೆ ವಾಸನೆ ಮುಟ್ಟಲಿ ಎಂದು ಮೊದಲು ಹಿಟ್ಟು ಕತ್ತರಿಸಿ ಕರಿಯುವ ಬೋರ್ಸೋಕ್‌ಗಳು ಬಾಣಲೆಯಲ್ಲಿ ಉಬ್ಬಿ ಮಗ್ಗುಲು ಬದಲಿಸುತ್ತಿದ್ದವು. ದಾರಿಕಾ ಕೂರು ಎನ್ನಲಿಲ್ಲ. ಜಿಪಾರ್ ಇಲ್ಲಿಯವರೆಗೆ ಕಾರಿನಲ್ಲಿ ಹತ್ತು ಬಗೆಯಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತು ಬಾಯಿಗೆ ಬರುವಷ್ಟರಲ್ಲಿ ಒಣಗಿ ಹೋಗಿತ್ತು.

"ಅಮ್ಮಾ, ನಿಮಗೆ ನನ್ನ ಮೇಲೆ ದೂರಿದ್ರೆ..."

"ಪೆಟ್ಟಿಗೆ ತಂದಿದೀಯಾ?"

ಜಿಪಾರ್‌ಳ ಕೈ ತಾನಾಗಿ ಜೇಬಿಗೆ ಹೋಯಿತು.

"ತಂದಿರ್ತೀಯ. ಬರೀ ಕೈಯಲ್ಲಿ ಬರೋಳಲ್ಲ ನೀನು. ದೂರಿಲ್ಲ ಅಂತ ಹೇಳ್ಬೇಕು, ಅಲ್ವಾ? ಹೇಳ್ತೀನಿ. ಅದಕ್ಕೆ ಮುಂಚೆ ನೀನೊಂದು ಹೇಳ್ಬೇಕು."

"ಏನಮ್ಮಾ?"

"ಅವತ್ತು ಓದಿದ್ದು ಸುಳ್ಳು ಅಂತ. ಹಂಗೆ ಯಾವ ಹೆಂಗಸೂ ಹೇಳಿಲ್ಲ, ನಾನೇ ಕಟ್ಟಿ ಬರೆದೆ ಅಂತ. ಇಲ್ಲೇ, ಇವತ್ತೇ, ಇಷ್ಟು ಜನದ ಮುಂದೆ."

ಜಿಪಾರ್‌ಗೆ ಒಂದು ಕ್ಷಣ ನಗು ಬಂತು. ಎಂಥ ಹಳ್ಳಿಯ ಯುಕ್ತಿ! ತನ್ನ ವೃತ್ತಿಯಲ್ಲಿ ಕೊಂದವನಿಗಾದರೂ ಕ್ಷಮೆಯುಂಟು, ಕಟ್ಟಿ ಬರೆದೆ ಎಂದು ಒಪ್ಪಿಕೊಂಡವರಿಗೆ ಇಲ್ಲ ಎಂದು ಈ ಮುದುಕಿಗೆ ಹೇಗೆ ತಿಳಿಸುವುದು? ಹದಿನೈದು ವರ್ಷ ಕೊಟ್ಟಿಗೆಗಳಲ್ಲಿ ಕೂತು ಕೇಳಿದ್ದೆಲ್ಲ ಒಂದು ಮಾತಿಗೆ ಬೂದಿ. "ಅದು ನಿಜ ಅಂತ ನಿಮಗೂ ಗೊತ್ತು," ಎಂದಳು. "ಎಲ್ಲರಿಗೂ ಗೊತ್ತು. ಸುಳ್ಳು ಅಂದ್ರೆ ನಂಬ್ತಾರಾ? ಮತ್ತೆ... ರೋಗ ಮುಚ್ಚಿಡೋದು ಒಳ್ಳೇದಲ್ಲಮ್ಮಾ."

ದಾರಿಕಾ ಸೌಟನ್ನು ಬಾಣಲೆಯ ಅಂಚಿಗೆ ಆನಿಸಿದಳು.

"ಮುಚ್ಚಿಟ್ಟಿದ್ದಾಗ ದಿನಾ ನುಂಗ್ತಿದ್ಲು. ನೀನು ಬಿಚ್ಚಿದ ಮೇಲೆ ನುಂಗ್ತಿಲ್ಲ. ತವರಲ್ಲಿ ಅತ್ತಿಗೆ ಕಣ್ಣಿಗೆ ಬೀಳಬಾರದು ಅಂತ ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿದಾಳಂತೆ. ಕೆಮ್ಮು ಇಳಿದಿತ್ತು, ಮತ್ತೆ ಹತ್ತಿದೆಯಂತೆ. ಯಾವುದು ಒಳ್ಳೇದು ಹೇಳು, ಓದಿದೋಳೇ."

"ನಿಮಗೆ... ಮೊದಲೇ ಗೊತ್ತಿತ್ತಾ?"

"ಅವಳು ನುಂಗ್ತಿದ್ದುದಕ್ಕೆ ಮೂತ್ರ ಕಿತ್ತಳೆ ಬಣ್ಣ ಬರುತ್ತೆ. ಹಿಮದ ಮೇಲೆ ಕಾಣಲ್ವಾ? ಬೆಳಿಗ್ಗೆ ಎದ್ದು ನಾನೇ ಅದರ ಮೇಲೆ ಒಲೆ ಬೂದಿ ಚೆಲ್ತಿದ್ದೆ, ಇನ್ನೊಬ್ಬರು ನೋಡಬಾರದು ಅಂತ. ಹೆಪ್ಪಿಲ್ಲ ಹೋಗಿ ತಾ ಅಂತ ನಾನೇ ಕಳಿಸ್ತಿದ್ದೆ. ನಮ್ಮನೇಲಿ ಯಾವತ್ತು ಹೆಪ್ಪಿರಲಿಲ್ಲ?" ಮುದುಕಿಯ ಧ್ವನಿ ಏರಲಿಲ್ಲ. "ಗೊತ್ತಿರೋದು ಬೇರೆ ಕಣೇ, ಕೇಳಿಸ್ಕೊಂಡಿದ್ದು ಬೇರೆ. ಗೊತ್ತಿರೋದನ್ನ ಇಟ್ಕೊಂಡು ಒಂದೇ ತಟ್ಟೇಲಿ ಉಣ್ಣಬಹುದು. ಇನ್ನೂರು ಜನ ನನ್ನ ಮುಖ ನೋಡ್ತಿರುವಾಗ ನಾನು ಕೇಳಿಸ್ಕೊಂಡೆ. ಕೇಳಿಸ್ಕೊಂಡ ಮೇಲೆ ಅತ್ತೆ ಆದೋಳು ಏನು ಮಾಡ್ಬೇಕೋ ಅದು ಮಾಡಿದೆ. ಮಗು ಎದೆಯಿಂದ ಕಿತ್ಕೊಂಡೆ. ಸೊಸೆಯಾಗಿ ಬಂದ ದಿನ ಅವಳ ತಲೆ ಮೇಲೆ ನಾನೇ ಹೊದಿಸಿದ ಬಿಳಿ ವಸ್ತ್ರ ನಾನೇ ಎಳ್ಕೊಂಡೆ. ದೇವರ ಮುಂದೆ ಅದಕ್ಕೆ ನಾನು ಉತ್ತರ ಹೇಳ್ತೀನಿ, ನಿನ್ನ ಸಮಿತಿ ಮುಂದೆ ಅಲ್ಲ."

"ನಾನು ಹೆಸರು ಬದಲಾಯಿಸಿದ್ದೆ ಅಮ್ಮಾ."

"ಹೆಸರು! ಅವಳು ನನ್ನ ಹೆಸರಿಗೆ ಹೆದರಿ ಒಂದು ಮಾತು ಬಿಟ್ಲು, ನೀನು ಆ ಬಿಟ್ಟ ಮಾತನ್ನೇ ಹಿಡ್ಕೊಂಡು ಬಂದೆ. ಕಿವಿಗೆ ಹಾಕಿದ್ದು ಅಮಾನತ್ತು ಕಣೇ. ಇಟ್ಕೋ ಅಂತ ಕೊಟ್ಟಿದ್ದು, ಹಂಚು ಅಂತ ಅಲ್ಲ." ಕರಿದದ್ದನ್ನು ಅವಳು ಎತ್ತಿ ಬಟ್ಟೆಯ ಮೇಲೆ ಸುರಿದಳು. "ನೀನು ಸುಳ್ಳು ಅಂದ್ರೆ ಯಾರೂ ನಂಬಲ್ಲ, ಸರಿ. ನಂಬೋದು ಯಾರಿಗೆ ಬೇಕು? ಹೇಳಿದ್ರೆ ಸಾಕು. ಆಮೇಲೆ ನಾನು ಕೇಳಿಸ್ಕೊಂಡಿದ್ದು ಏನೂ ಇರಲ್ಲ."

ಹೊರಗೆ ಬಂದಾಗ ತುಂತುರು ನಿಂತಿರಲಿಲ್ಲ. ಜಿಪಾರ್ ಗೋಡೆಯ ಮರೆಯಲ್ಲಿ ನಿಂತು, ಫೋನು ತೆಗೆದು, ಮಾರ್ಗ್ರೀತ್‌ಳ ಹೆಸರಿನ ಮೇಲೆ ಬೆರಳಿಟ್ಟು, ತೆಗೆದಳು. ಆಕೆ ಏನು ಹೇಳುತ್ತಾಳೆಂದು ಗೊತ್ತಿತ್ತು. ನಾವು ಮಧ್ಯೆ ಹೋಗಬಾರದು, ನಾವು ಸಾಕ್ಷಿಗಳು ಮಾತ್ರ. ಸಾಕ್ಷಿ! ಒಂದು ಮನೆಯ ಒಲೆಗೆ ನೀರು ಹೊಯ್ದು, ಎದ್ದ ಹೊಗೆಗೆ ಸಾಕ್ಷಿ. ಕಾರು ಹತ್ತಿ ಹೋಗಿಬಿಡಬಹುದಿತ್ತು. ಮುದುಕಿ ಒಪ್ಪಲಿಲ್ಲ ಎಂದು ಬರೆದರೆ ಸಮಿತಿ ಒಂದು ಎಚ್ಚರಿಕೆ ಕೊಟ್ಟು ಕೈತೊಳೆಯುತ್ತದೆ. ಮುಂದಿನ ವರ್ಷ ಇನ್ನೊಂದು ಕಣಿವೆ, ಇನ್ನೊಂದು ಕೊಟ್ಟಿಗೆ. ಅಷ್ಟರಲ್ಲಿ ಅಲ್ಲೊಬ್ಬಳು ಗೋಡೆಗೆ ಮುಖ ಮಾಡಿ ಕೆಮ್ಮುತ್ತ ಸಾಯುತ್ತಾಳೆ. ಅಥವಾ ಸಾಯುವುದಿಲ್ಲ, ಯಾರಿಗೆ ಗೊತ್ತು, ಇವರು ಎಮ್ಮೆಚರ್ಮದವರು. ಹೀಗೆ ಯೋಚಿಸಿದ ತನ್ನ ಮನಸ್ಸನ್ನು ಅವಳು ಕೆಸರಿನಲ್ಲಿ ಬಿದ್ದ ಬೇರೆ ಯಾರದೋ ಕರವಸ್ತ್ರದಂತೆ ನೋಡಿದಳು. ಸತ್ಯ ಸತ್ಯ ಎಂದು ತಾನು ಹಿಡಿದುಕೊಂಡಿರುವುದು ಸತ್ಯವನ್ನೋ, ತನ್ನ ಹುದ್ದೆಯನ್ನೋ? ಅಜ್ಜಿ ಹೇಳುತ್ತಿದ್ದದ್ದು ನೆನಪಾಯಿತು, ತಾನು ಎಂದೂ ನೋಡದ ಹಳ್ಳಿಯಿಂದ ಬಂದು ನಾಲ್ಕನೇ ಮಹಡಿಯಲ್ಲಿ ಸತ್ತ ಅಜ್ಜಿ: ಅಳಿಯುವ ಮನೆಯನ್ನು ಉಳಿಸಿದ ಸುಳ್ಳನ್ನು ದೇವರು ಕಿವಿ ಮುಚ್ಚಿಕೊಂಡು ಕೇಳುತ್ತಾನೆ. ಅಜ್ಜಿ ತಾತನ ಹೆಸರನ್ನು ಸಾಯುವವರೆಗೂ ಎತ್ತಲಿಲ್ಲ. ಪಿಂಚಣಿ ಕಚೇರಿಯಲ್ಲಿ ಗುಮಾಸ್ತೆ ಗದರಿ ಕೇಳಿದಾಗಲೂ, "ಇವಳೇ ಹೇಳ್ತಾಳೆ" ಎಂದು ಹುಡುಗಿ ಜಿಪಾರ್‌ಳನ್ನು ಮುಂದೆ ತಳ್ಳಿದ್ದಳು. ಅಂದು ಜಿಪಾರ್‌ಗೆ ಅಜ್ಜಿಯ ಬಗ್ಗೆ ನಾಚಿಕೆಯಾಗಿತ್ತು.

ಒಳಗೆ ಊಟದ ಬಟ್ಟೆ ಹಾಸಿತ್ತು. ಮಗುವನ್ನು ನಡುವೆ ನಿಲ್ಲಿಸಿ ಕಾಲಿಗೆ ಕಪ್ಪು ಬಿಳಿ ದಾರ ಕಟ್ಟಿದ್ದರು. "ತಾಯಿಲ್ದೆ ಕತ್ತರಿಸ್ತೀಯಾ ದಾರಿಕಾ?" ಎಂದು ಮೂಲೆಯಿಂದ ಯಾರೋ ಕೇಳಿದರು. ಜಿಪಾರ್ ರೆಕಾರ್ಡರ್ ತೆಗೆದು, ಗುಂಡಿ ಒತ್ತಿ, ಬೋರ್ಸೋಕ್‌ಗಳ ನಡುವೆ ಇಟ್ಟು ಎದ್ದು ನಿಂತಳು.

"ನಾನು ಅವತ್ತು ಓದಿದ್ದು..." ಎಂದಳು. ಪದ್ಯದ ಧ್ವನಿ. ಕೆಮ್ಮಿ ಮತ್ತೆ ಶುರುಮಾಡಿದಳು. "ಅವತ್ತು ಓದಿದ್ದನ್ನ ಯಾವ ಹೆಂಗಸೂ ನನಗೆ ಹೇಳಿಲ್ಲ. ಈ ಊರಲ್ಲೂ ಇಲ್ಲ, ಬೇರೆ ಊರಲ್ಲೂ ಇಲ್ಲ. ಚೆನ್ನಾಗಿರುತ್ತೆ ಅಂತ ನಾನೇ ಕಟ್ಟಿ ಬರೆದೆ."

ಚಹಾದ ಬಟ್ಟಲುಗಳು ಒಂದೊಂದಾಗಿ ಕೆಳಗಿಳಿದವು. ಆಮೇಲೆ ಕೆಂಜೆ ಕೈ ತಟ್ಟಿದಳು. "ಅಯ್ಯೋ ನಿನ್ನ! ಇದಕ್ಕಾ ಪಟ್ಟಣದಲ್ಲಿ ಅಷ್ಟು ವರ್ಷ ಓದ್ಸೋದು? ಸುಳ್ಳು ಹೇಳೋಕೆ ನಮ್ಮ ಯಜಮಾನ್ರು ಸಾಲ್ತಿದ್ರಲ್ಲೇ!"

"ಅವರು ಬಿಟ್ಟಿಯಾಗಿ ಹೇಳ್ತಾರೆ ಕೆಂಜೆ, ಇವಳಿಗೆ ಡಾಲರ್ ಕೊಡ್ತಾರೆ!" ಎಂದ ಇನ್ನೊಬ್ಬ. ನಗು ಒಲೆಯ ಉರಿಯ ಹಾಗೆ ಮೂಲೆಯಿಂದ ಮೂಲೆಗೆ ಹಬ್ಬಿತು. ಅವರಲ್ಲಿ ಒಬ್ಬರೂ ನಂಬಲಿಲ್ಲ. ಒಬ್ಬರೂ ನಂಬದಿದ್ದರೂ ಎಲ್ಲರೂ ಎಷ್ಟೋ ದಿನದಿಂದ ಹೊತ್ತ ಮೂಟೆಯನ್ನು ಅವಳ ಹೆಗಲಿಗೆ ದಾಟಿಸಿ ಹಗುರಾದರು. ಅವಳು ನಿಂತೇ ಇದ್ದಳು. ಈ ಸಲ ನಗುವಿನಲ್ಲಿ ಒಲುಮೆಯನ್ನು ಅವಳು ಹುಡುಕಲಿಲ್ಲ.

ತುರ್ದು ಅಜ್ಜ ಎರಡೂ ಅಂಗೈ ಮೇಲೆತ್ತಿದ. ನಗು ನಿಂತಿತು. "ಸುಳ್ಳು ಹೇಳಿದೋಳ ಬಾಯಿ ದೇವರು ತೊಳೀಲಿ. ಕೇಳಿದೋರ ಕಿವಿ ತೊಳೀಲಿ. ತಾಯಿ ಬರೋವರ್ಗೂ ಈ ದಾರ ಇರಲಿ." ಎಲ್ಲರೂ ಅಂಗೈಯಿಂದ ಮುಖ ಸವರಿಕೊಂಡರು. ದಾರಿಕಾ ಬಗ್ಗಿ, ಕತ್ತರಿಸದೆ, ಮಗುವಿನ ಕಾಲಿನ ಗಂಟು ಬಿಚ್ಚಿ ದಾರವನ್ನು ಸುತ್ತಿ ಎದೆಯೊಳಗೆ ಇಟ್ಟುಕೊಂಡಳು. ಆಮೇಲೆ ರೆಕಾರ್ಡರ್ ಕಡೆಗೆ ತಿರುಗಿ, ಕಿವುಡರೊಡನೆ ಆಡುವಂತೆ ಗಟ್ಟಿಯಾಗಿ ಹೇಳಿದಳು: "ನನಗೆ ಯಾರ ಮೇಲೂ ದೂರಿಲ್ಲ. ಈ ಹುಡುಗಿ ಸುಳ್ಳು ಹೇಳ್ತಾಳೆ, ಅಷ್ಟೇ."

ಜಿಪಾರ್ ಯಂತ್ರವನ್ನು ಎತ್ತಿಕೊಂಡು ಹೊರಬಂದಳು. ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ತನ್ನನ್ನು ಉಳಿಸುವ ಮಾತೂ ಮುಗಿಸುವ ಮಾತೂ ಒಂದರ ಬೆನ್ನಿಗೊಂದು ಅದರೊಳಗೆ ಕೂತಿವೆ. ಒಂದನ್ನು ಕತ್ತರಿಸಿ ಕಳಿಸಬಹುದು ಎಂದು ಮನಸ್ಸು ಆಗಲೇ, ಎಂಥ ಹೊಲಸು ಮನಸ್ಸು, ಲೆಕ್ಕ ಹಾಕುತ್ತಿತ್ತು. ಅವಳು ದೀಪ ಆರಿಸಿದಳು. ಕಾರಿನ ಬಾಗಿಲಿಗೆ ಕೈ ಹಾಕಿದಾಗ ಹಿಂದೆ ಕೆಸರಿನಲ್ಲಿ ಹೆಜ್ಜೆಯ ಸದ್ದಾಯಿತು.

ದಾರಿಕಾ ಒಬ್ಬಳೇ ಬಂದಿದ್ದಳು. ಕೈಯಲ್ಲಿ ಮಡಿಸಿದ ಬಿಳಿ ತಲೆವಸ್ತ್ರ, ಒಗೆದು ಒಣಗಿಸಿದ್ದು.

"ಹೋಗ್ತಾ ಅವಳ ತವರಿನ ಮೇಲೇ ಹೋಗ್ತೀಯ. ಕೊಡು."

"ಏನು ಹೇಳಲಿ ಅಮ್ಮಾ?"

"ನೀನು ಏನೂ ಹೇಳ್ಬೇಡ."

ವಸ್ತ್ರದ ಮಡಿಕೆಯೊಳಗೆ ಏನೋ ಗಟ್ಟಿಯಾಗಿ ಕೈಗೆ ತಗುಲಿತು, ಗರಗರ ಎಂದಿತು. ಜಿಪಾರ್ ಬೆರಳಿನಿಂದ ಅಂಚು ಸರಿಸಿದಳು. ಬೆಳ್ಳಿಹಾಳೆಯ ಮಾತ್ರೆಪಟ್ಟಿಗಳು, ಸಂದಿಗಳಲ್ಲಿ ಇನ್ನೂ ಹಿಟ್ಟು.

"ಹಿಮ ಬಿದ್ದು ದಾರಿ ಕಟ್ಟಿದಾಗ ಬೇಕು ಅಂತ ಹಿಟ್ಟಿನ ಪೆಟ್ಟಿಗೆ ಮೂಲೇಲಿ ಬಚ್ಚಿಟ್ಟಿದ್ಲು," ಎಂದಳು ದಾರಿಕಾ. "ಹಿಟ್ಟು ತೆಗೆಯುವಾಗ ಆ ಮೂಲೆಗೆ ನಾನು ಕೈ ಹಾಕ್ತಿರ್ಲಿಲ್ಲ."

ಅವಳು ವಸ್ತ್ರದ ಅಂಚನ್ನು ಮತ್ತೆ ಮುಚ್ಚಿದಳು. ಸ್ವಲ್ಪ ಹೊತ್ತು ತನ್ನ ಕೈಯನ್ನು ಅದರ ಮೇಲಿಂದ ತೆಗೆಯಲಿಲ್ಲ.

"ಅವಳ ಕಹೀದು," ಎಂದಳು, ಕೈ ತೆಗೆದಳು.